ಮೂರನೇ ಚೆಂಡು

ಸಾತನೂರು
18 ಜನವರಿ 2025

ಪ್ರೀತಿಯ ಮಗಳೇ ಚೈತ್ರಾ,

ಹೇಗಿದ್ದೀಯ? ಪರೇಡಿನಲ್ಲಿ ಉಳುಕಿದ ಪಾದ ಸರಿಹೋಯಿತೇ? ಕಲಬುರಗಿಯ ಜೋಳದ ರೊಟ್ಟಿ ಒಗ್ಗಿತೋ, ಇನ್ನೂ ಮುದ್ದೆಯದೇ ಧ್ಯಾನವೋ? ನಾವೆಲ್ಲ ಕ್ಷೇಮ. ಭಾನುವಾರ ಫೋನಿನಲ್ಲಿ ನಿನ್ನ ಮಗಳು ಪುಟ್ಟಿ ಎರಡು ಸಲ ಕೆಮ್ಮಿದ್ದೇ ತಡ, ನೀನು "ಪೊಲೀಸ್ ಕೆಲ್ಸಾನೂ ಬೇಡ, ಟ್ರೈನಿಂಗೂ ಬೇಡ, ನಾನಿಲ್ದೆ ಮಗು ಸೊರಗ್ತಾ ಐತೆ, ಬಂದ್ಬುಡ್ತೀನಿ ಕಣಪ್ಪಾ" ಅಂತ ಅಳತೊಡಗಿದೆ. ನಾನು ರೇಗಿದೆ. ಕಾಗದದಲ್ಲಾದರೆ ನನ್ನ ಗಂಟಲು ನಿನಗೆ ಕೇಳಿಸುವುದಿಲ್ಲವೆಂದು ಪೆನ್ನು ಹಿಡಿದಿದ್ದೇನೆ.

ಮೊದಲು ಸುದ್ದಿ ಕೇಳು. ನಿನ್ನ ಏಳು ವರ್ಷದ ಪುಟ್ಟಿ ಮೊನ್ನೆ ಗುರುವಾರ ಕನಕಪುರದ ಆಸ್ಪತ್ರೆಯಲ್ಲಿ ಮೂರೂ ಚೆಂಡು ಎತ್ತಿಬಿಟ್ಟಳು! ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಚೆಂಡು ಇರುತ್ತವೆ; ಕೊಳವೆ ಬಾಯಿಗಿಟ್ಟು ಉಸಿರು ಒಳಗೆಳೆದರೆ ಅವು ಮೇಲೇಳಬೇಕು. ದೀಪಾವಳಿಯ ಹೊತ್ತಿಗೆ ಎರಡನೇ ಸಲ ನ್ಯುಮೋನಿಯಾ ಆಗಿ ಎದ್ದಾಗ ಒಂದು ಚೆಂಡೂ ಅಲುಗಿರಲಿಲ್ಲ. ಅಂದಿನಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಫಿಸಿಯೋಥೆರಪಿಯ ಕೆಹಕಶಾನ್ ಮೇಡಂ ಮಗುವನ್ನು ಬೋರಲು ಮಲಗಿಸಿ, ಅಂಗೈ ಗುಳಿ ಮಾಡಿ, ಕಫ ಸಡಿಲವಾಗುವಂತೆ ಬೆನ್ನು ತಟ್ಟುವುದನ್ನು ನನಗೂ ಕಲಿಸಿದ್ದಾರೆ. ನಿನ್ನಮ್ಮ ತಟ್ಟಿದರೆ ರೊಟ್ಟಿ ತಟ್ಟಿದ ಹಾಗಿರುತ್ತದಂತೆ, ಪುಟ್ಟಿಗೆ ನಾನೇ ಬೇಕು. ಡಬ್ಬಿಯನ್ನು ನನ್ನ ಕೈಗೂ ಕೊಟ್ಟಳು. ಎದ್ದಿದ್ದು ಒಂದೇ ಚೆಂಡು. "ತಾತಾ, ಬೀಡಿ ಬುಟ್ಬುಡು" ಎಂದು ಎಲ್ಲರೆದುರು ಮಾನ ಕಳೆದಳು. ಬಿಟ್ಟೆ ಕಣಮ್ಮ, ನಲವತ್ತು ವರ್ಷ ನಿನ್ನಮ್ಮನಿಂದ ಆಗದ ಕೆಲಸ ಅದು. ನೆನ್ನೆ ಸ್ಕೂಲಿನಲ್ಲಿ ಖೋ ಖೋ ಆಡಿ, ಏದುಸಿರಿಲ್ಲದೆ ಮನೆಯವರೆಗೂ ಓಡಿ ಬಂದಳು. ನೋಡಿ ನನಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು.

ನಿನ್ನ ಗಂಡ ನಾಗರಾಜು ರಜೆ ಸಿಕ್ಕಾಗಲೆಲ್ಲ ಬಂದು ಮಗಳ ಜೊತೆ ಇದ್ದು ಹೋಗುತ್ತಾನೆ. ನಿನ್ನಮ್ಮ ಬೋರಮ್ಮ ಆಶೀರ್ವಾದ ತಿಳಿಸಿದ್ದಾಳೆ. ತಲೆಯ ಮೇಲಿನ ಟೋಪಿ ನೆಟ್ಟಗಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ವರ್ಷ ಬಾಳು.

ನಿನ್ನ ಅಪ್ಪ,
ದೊಡ್ಡಮುನಿಯಪ್ಪ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಕವರು ಅಂಟಿಸಲಾರೆ. ಮನೆಯಲ್ಲಿ ಹೊಗೆ ಇದೆಯೇ ಎಂದು ಆಸ್ಪತ್ರೆಯಲ್ಲಿ ಮೊದಲ ದಿನವೇ ಕೇಳಿದ್ದರು. ಇರುವುದು ಗ್ಯಾಸ್ ಒಲೆಯಲ್ಲವೇ, ಇಲ್ಲ ಅಂದೆ. ರೇಷ್ಮೆ ಹುಳುವಿನ ಮನೆಯಲ್ಲಿ ಮಳೆಗೂ ಚಳಿಗೂ ಕಿಟಕಿ ಮುಚ್ಚಿ ಇದ್ದಿಲ ಕೆಂಡ ಇಡುತ್ತೇವಲ್ಲ, ಅದು ನನಗೆ ಹೊಗೆ ಅನ್ನಿಸಿಯೇ ಇರಲಿಲ್ಲ. ಎಲ್ಲಕ್ಕಿಂತ ಬೆಚ್ಚಗಿನ ಜಾಗವೆಂದು, ನೀನು ಹೋದಾಗಿನಿಂದ ಮಗುವನ್ನು ಅಲ್ಲೇ ಮಲಗಿಸುತ್ತಿದ್ದೆ. ಎರಡನೇ ವಾರ ಪುಟ್ಟಿಯೇ ಮೇಡಂಗೆ ಹೇಳಿಬಿಟ್ಟಳು. "ಯಜಮಾನ್ರೇ, ಹುಳಕ್ಕೆ ಆಗ್ಬರೋದೆಲ್ಲ ಮಗೂಗೂ ಆಗ್ಬತ್ತದಾ?" ಎಂದರು. ಅಂದೇ ಹಾಸಿಗೆ ನಡುಮನೆಗೆ ತಂದೆ. ನೀನು ನಿನ್ನನ್ನೇ ಹಳಿದುಕೊಳ್ಳುತ್ತಿದ್ದರೂ, ನಾಚಿಕೆಯಿಂದ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಮಗುವಿಗೆ ಕಾಯಿಲೆ ಬಂದದ್ದು ನೀನು ಹೋಗಿದ್ದರಿಂದಲ್ಲ ಮಗಳೇ, ನನ್ನ ಕೆಂಡದಿಂದ. ನನ್ನನ್ನು ಬೈಯಬೇಕೆಂದಿದ್ದರೆ ಟ್ರೈನಿಂಗ್ ಮುಗಿಸಿ, ಖಾಕಿ ಹಾಕಿಕೊಂಡೇ ಬಂದು ಬೈ.