ಬೇಡವೆಂದ ಶರಬತ್ತು

೧೯-೧-೧೯೯೭, ಭಾನುವಾರ, ಸೂರತ್

ಪುಷ್ಯ ಶುದ್ಧ ಏಕಾದಶಿ, ನೀರೂ ಮುಟ್ಟದ ಉಪವಾಸ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ದೇವರ ಪಾತ್ರೆ ಬೆಳಗಿಟ್ಟು, ಇವರು ಮತ್ತು ಮಗಳು ವಿಂಧ್ಯಾಳ ಜೊತೆ ಡುಮಸ್ ಕಡಲ ತಡಿಯ ನವಾಬರ ಕಾಲದ ಬಂಗಲೆ ನೋಡಲು ಹೋದೆ.

ಗೋಡೆ ತುಂಬ ನೀಲಿ ಟೈಲ್ಸು, ಅದರ ಮೇಲೆ ಬಳ್ಳಿಯಂತೆ ಹಬ್ಬಿದ ಬಂಗಾರದ ಅಕ್ಷರ. ಬಂಗಲೆ ನೋಡಿಕೊಳ್ಳುವ ಮುದುಕಿ ಖೈರುನ್ನಿಸಾಬಿ ಅದು ಅಲ್ಲಾನ ಹೆಸರು ಎಂದಾಗ ಕೈ ಮುಗಿದೆ. ಅವಳಿಗೆ ಸಂತೋಷವಾಯಿತು. ರಂಜಾನಿನ ರೋಜಾದಲ್ಲಿ ತಾನು ಹನಿ ನೀರು ಕುಡಿಯದಿದ್ದರೂ ನಮಗೆ ಗುಲಾಬಿ ಶರಬತ್ತು ಮಾಡಿ ತಂದಳು. ಉಪವಾಸಕ್ಕೆ ನಡೆಯೋದಿಲ್ಲ ಎನ್ನಲು ಹೋಗಿ, ನನ್ನ ಹರಕು ಹಿಂದಿಯಲ್ಲಿ "ಹಮಕೋ ನಹೀ ಚಲ್ತಾ", ನಮಗೆ ನಡೆಯೋದಿಲ್ಲ, ಎಂದಷ್ಟೇ ಅಂದುಬಿಟ್ಟೆ. ಲೋಟ ಒಳಗೊಯ್ದವಳು ಮತ್ತೆ ಹೊರಗೆ ಬರಲಿಲ್ಲ.

ರಿಕ್ಷಾದಲ್ಲಿ ವಿಂಧ್ಯಾ, "ಅಮ್ಮ, ನಿಮ್ಮ ಕೈಯದು ನಮಗಾಗಲ್ಲ ಅಂದಹಾಗಾಯ್ತು" ಅಂದಳು.

"ಸೂರತ್ತಿಗೆ ಬಂದ ಹನ್ನೆರಡು ವರ್ಷದಲ್ಲಿ ಕಲಿತಿದ್ದು ಇದೇ ಹಿಂದೀನಾ? ಉಪವಾಸ ಅಂತ ಒಂದೇ ಮಾತು ಸಾಕಿತ್ತಲ್ಲೇ" ಅಂದರು ಇವರು.

ಸಾಕಿತ್ತು. ಖೈರುನ್ನಿಸಾಬಿಯದೂ ಒಣಗಿದ ಬಾಯಿಯೇ, ಅವಳಿಗೆ ತಿಳಿಯುತ್ತಿತ್ತು. ಆದರೆ ಏಕಾದಶಿ ಇಲ್ಲದಿದ್ದರೆ ಆ ಲೋಟ ಮುಟ್ಟುತ್ತಿದ್ದೆನೇ? ಮನೆಗೆ ಬಂದು ದೇವರ ಮುಂದೆ ಕೂತು ನನ್ನನ್ನೇ ಕೇಳಿಕೊಂಡೆ. ಹೌದೆನ್ನಲು ನಾಲಿಗೆ ಏಳಲಿಲ್ಲ.

ನಾಳೆ ಇವರಿಗೆ ಆ ಕಡೆಯೇ ಕೆಲಸವಿದೆ. ವಿಂಧ್ಯಾಳಿಂದ ಹಿಂದಿಯಲ್ಲಿ ಚೀಟಿ ಬರೆಸಿದ್ದೇನೆ: "ಆ ಶರಬತ್ತು ಕುಡಿಯಲು ಇನ್ನೊಮ್ಮೆ ಬರಲೇ?" ಇವರು ಚೀಟಿ ಓದಿ ಹೇಳಿ ಹಾಗೇ ಬಂದುಬಿಡಬಾರದು. ಬೇಡವೆಂದರೂ ಸರಿ, ಅವಳು ಏನಂದಳೋ ಅದನ್ನೇ ತಂದು ನನಗೆ ಮುಟ್ಟಿಸಬೇಕು.