ಎಡಗೈಯ ಬ್ರೇಕು

ಪ್ರಿಯ ಫೆಮ್ಕೆಗೆ,

ನಿನ್ನ ಸೈಕಲ್ ಮಾರಿದೆ. ಮೊದಲಿಗೇ ಹೇಳಿಬಿಟ್ಟಿದ್ದೇನೆ, ಮಿಕ್ಕಿದ್ದನ್ನು ಓದುವುದೂ ಮಡಚಿಡುವುದೂ ನಿನಗೆ ಬಿಟ್ಟಿದ್ದು.

ಕೊಂಡವಳು ಶಾಲೆಯ ವ್ಯಾನ್ ಓಡಿಸುವ ಮೆರೆಯಾನ. ಕಾಡಿನ ದಾರಿಗೆ ಬೇಕಂತೆ. ಅವಳಿಗೆ ಕೊಡುವ ಮೊದಲು ಬ್ರೇಕುಗಳನ್ನು ಅದಲುಬದಲು ಮಾಡಬೇಕಿತ್ತು. ಇಲ್ಲಿ ನಮ್ಮ ರೋಟೊರುವಾದಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರ ನಿಲ್ಲಬೇಕು, ನಿಮ್ಮೂರಲ್ಲಿ ಎಡಗೈ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹದಿನೆಂಟು ವರ್ಷದ ಹಿಂದೆ ನನ್ನ ಅಂಗಡಿಯಿಂದ ಬಾಡಿಗೆ ಸೈಕಲ್ ಒಯ್ದು, ಇಳಿಜಾರಿನಲ್ಲಿ ಹಿಂದಿನ ಬ್ರೇಕೆಂದು ಬಲಗೈ ಅದುಮಿ, ಹ್ಯಾಂಡಲ್ ದಾಟಿ ಹಾರಿಬಿದ್ದು, ತುಟಿಗೆ ಕರವಸ್ತ್ರ ಒತ್ತಿಕೊಂಡು ಬಂದವಳು ನೀನು. "ನಿಮ್ ದೇಶದಲ್ಲಿ ಬ್ರೇಕೂ ತಲೆಕೆಳಗೇನ್ರೀ?" ಎಂದೆ ನೀನು. ತಪ್ಪು ನನ್ನದು, ಯಾವ ಊರೆಂದು ಕೇಳಿರಲಿಲ್ಲ. ಒಪ್ಪಿಕೊಳ್ಳುವ ಬದಲು ಚಹಾ ಕೊಟ್ಟೆ. ಆ ಚಹಾ ಹದಿನೈದು ವರ್ಷ ಮುಗಿಯಲಿಲ್ಲ.

ನಿನಗೆಂದೇ ಎಡಗೈಗೆ ಮುಂದಿನ ಬ್ರೇಕಿಟ್ಟು ಈ ಸೈಕಲ್ ಕಟ್ಟಿದೆ. ಬೇರೆ ಯಾರೂ ಹತ್ತಿ ಬೀಳದಿರಲೆಂದು ಗೋಡೆಯಲ್ಲಿ ಎತ್ತರಕ್ಕೆ ತೂಗುಹಾಕಿದೆ. ನಿನ್ನ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನೀನು ಹೇಳಿದ್ದು ಇಷ್ಟೇ: "ಆರು ವಾರ ಅಷ್ಟೇ. ಸೈಕಲ್ ನೋಡ್ಕೋ."

ನೋಡಿಕೊಂಡೆ. ಮೂರು ಸೆಪ್ಟೆಂಬರ್‌ ಬಂದವು. ಮೂರು ಸಲವೂ ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಿದೆ, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಹ್ಯಾಂಡಲಿನ ಚೀಟಿಯಲ್ಲಿ ತಾರೀಖು ಬರೆದೆ. ಬಂದಿಳಿದ ದಿನವೇ ನೀನು ಹತ್ತಬೇಕೆಂದರೆ? ನಿನ್ನ ಅಮ್ಮ ತೀರಿಕೊಂಡು ವರ್ಷವಾದರೂ ಯಾವಾಗ ಬರುತ್ತೀಯೆಂದು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ. ಹೋದ ವಾರ ಕೇಳದೆಯೇ ಬಂತು: "ಸೈಕಲ್ ಮಾರಿಬಿಡು, ಕೆಪಾ."

ಮೆರೆಯಾನ ಚೀಟಿ ಓದಿ ನಕ್ಕಳು. "ಏನಣ್ಣಾ, ಇದು ಸೈಕಲ್ಲಾ, ಹಾಸಿಗೆ ಹಿಡಿದ ಮುದುಕೀನಾ? ಒಂದು ಹೆಜ್ಜೆ ನಡೆದಿಲ್ಲ, ಮೂರು ಸಲ ರಕ್ತ ಬದಲಾಯ್ಸಿದೀಯ." ನಾನೂ ನಕ್ಕೆ. ಅದು ನಗುವ ಜಾಗ ಎಂದು ತಿಳಿಯಿತು, ಅಷ್ಟೇ.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಬ್ರೇಕಿನ ಎರಡೂ ಆಯಿಲ್ ಪೈಪುಗಳನ್ನು ಹ್ಯಾಂಡಲಿನ ಲಿವರ್‌ಗಳಿಂದ ಬಿಚ್ಚಿದೆ. ತುದಿಯ ಹಿತ್ತಾಳೆ ಉಂಗುರಗಳು ಈ ಊರಿನ ಬಿಸಿನೀರ ಬುಗ್ಗೆಗಳ ಗಂಧಕದ ಗಾಳಿಗೆ ಕಪ್ಪಾಗಿದ್ದವು. ಒಮ್ಮೆ ಬಿಗಿದು ಕೂತ ಉಂಗುರ ಕಳಚಿ ಬರುವುದಿಲ್ಲ. ಪೈಪಿನ ತುದಿಯನ್ನೇ ಕತ್ತರಿಸಬೇಕು. ಕತ್ತರಿಸಿದೆ. ಹೊಸ ಉಂಗುರ ತೊಡಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬಿಗಿದು, ಕೆಳಗಿನಿಂದ ಸಿರಿಂಜಿನಲ್ಲಿ ಆಯಿಲ್ ಏರಿಸಿದೆ. ಗುಳ್ಳೆಗಳು ಎದ್ದವು, ಇನ್ನೂ ಎದ್ದವು, ನಿಂತವು. ಒಂದೇ ಒಂದು ಒಳಗುಳಿದರೂ ಲಿವರ್ ಮೆತ್ತಗಾಗುತ್ತದೆ. ಪೈಪನ್ನು ತಟ್ಟಿ ತಟ್ಟಿ ಅದನ್ನೂ ಕಳಿಸಿದೆ.

ಆಮೇಲೆ ಅಂಗಳದಲ್ಲಿ ಇಪ್ಪತ್ತು ಸಲ ಓಡಿಸಿ, ನಿಲ್ಲಿಸಿ, ಹೊಸದಾಗಿ ಹಾಕಿದ ಬ್ರೇಕ್ ಪ್ಯಾಡುಗಳನ್ನು ಪಳಗಿಸಿದೆ. ಬಲಗೈ ಹಿಡಿದೆ, ಮುಂದಿನ ಚಕ್ರ ನಿಂತಿತು, ಅಂಗಡಿಯ ಉಳಿದೆಲ್ಲ ಸೈಕಲ್ಲುಗಳ ಹಾಗೆ. ದುಃಖ ಆಗ ಬರುತ್ತದೆಂದುಕೊಂಡಿದ್ದೆ. ಹಸಿವಾಯಿತು. ಒಳಗೆ ಹೋಗಿ ಹಿಂದಿನ ದಿನದ ಮಾಂಸದ ಪೈ ಬಿಸಿ ಮಾಡಿ ತಿಂದೆ.

ಒಯ್ಯಲು ಬಂದ ಮೆರೆಯಾನ ಸೀಟಿನ ಎತ್ತರ ಸರಿಪಡಿಸುತ್ತ ಕೇಳಿದಳು: "ಅವ್ರು ವಾಪಸ್ ಬಂದ್ರೆ ನಿನ್ನ ಸುಮ್ನೆ ಬಿಡ್ತಾರಾ ಅಣ್ಣಾ?"

"ಬರಲ್ಲ" ಎಂದೆ.

ಬಾಯಿಬಿಟ್ಟು ಅದನ್ನು ಹೇಳಿದ್ದು ಅದೇ ಮೊದಲು. ಅವಳು ಸೀಟಿನ ತಿರುಪು ಬಿಗಿದು ಸೈಕಲ್ ಹತ್ತಿದಳು.

ಇಷ್ಟು ದಿನ ನೀನು ಹೊರಗೆ ಹೋಗಿದ್ದೆ, ಫೆಮ್ಕೆ. ಇಂದಿನಿಂದ ನೀನು ಅಲ್ಲಿ ಇರುತ್ತೀಯ. ಎಂದಾದರೂ ಬರುವುದಿದ್ದರೆ ಮೊದಲೇ ತಿಳಿಸು, ಅತಿಥಿಗಳ ಹಾಸಿಗೆ ಬಿಸಿಲಿಗೆ ಹಾಕಿಡುತ್ತೇನೆ.

ನಿಮ್ಮೂರಿನ ಸಪಾಟು ದಾರಿಗಳಲ್ಲಿ ನಿನಗೆ ಬ್ರೇಕು ಹಿಡಿಯುವ ಪ್ರಸಂಗವೇ ಬಾರದಿರಲಿ.

ಕೆಪಾ