ಪಕ್ಕೆಯ ದಾರ

ತೊರ್ರೆಮೋರಾ, ಬಾವಿಕೇರಿ
ಆಗಸ್ಟ್ 20, ಮಂಗಳವಾರ

ಪ್ರಿಯ ನಜ್ಜರೇನೋ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಚೆನ್ನಾಗಿರಲೇಬೇಕು, ನಿನ್ನನ್ನು ಬೈಯುವುದು ಬಹಳ ಇದೆ. ಭಾನುವಾರವೇ ಬರೆಯಲು ಕೂತೆ, ಒತ್ತಿ ಒತ್ತಿ ಕಾಗದ ಹರಿಯಿತು. ನಿನ್ನೆ ಅಕ್ಕ ಅಸ್ಸೂಂತಾ ಪೆನ್ನು ಬಚ್ಚಿಟ್ಟಳು. "ಸಿಟ್ಟಲ್ಲಿ ಬರೆದದ್ದನ್ನ ಕೊಡೋಕೆ ಮುಂಚೆ ಹರೀಬಹುದು, ಕೊಟ್ಟಮೇಲೆ ಹರಿಯೋಕಾಗಲ್ಲ ಕಣೇ" ಎಂದಳು. ಇವತ್ತು ಅವಳು ಮೀನು ತರಲು ಹೋಗಿದ್ದಾಳೆ, ಪೆನ್ನು ಸಿಕ್ಕಿತು. ತಡವಾಯಿತು, ಕ್ಷಮಿಸು. ತಪ್ಪುಗಳಿದ್ದರೆ ನಗಬೇಡ. ಐದನೆಯ ತರಗತಿಯಲ್ಲೇ ಕನ್ಯಾಸ್ತ್ರೀಯರು ನನ್ನ ಕೈಯಿಂದ ಪುಸ್ತಕ ತೆಗೆದು ಸೂಜಿ ಕೊಟ್ಟರು, ನಿನಗೇ ಗೊತ್ತು.

ಹಬ್ಬ ಬಂದರೆ ಗಂಡ ಅವನ ಕೇರಿಗೆ, ಹೆಂಡತಿ ಅವಳ ತವರುಕೇರಿಗೆ, ಗೆದ್ದ ಕೇರಿಗೆ ಕೊಟ್ಟ ಬಾವುಟ ಚರ್ಚಿಗೆ ಹಿಂದಿರುಗುವವರೆಗೆ ಮಾತಿಲ್ಲ. ಮದುವೆಯಾದಾಗಿನಿಂದ ಪಾಲಿಸಿದ್ದೇವೆ, ಈಗಲೂ ಪಾಲಿಸುತ್ತೇನೆ. ಕಾಗದ ಬರೆಯಬಾರದೆಂದು ಯಾರೂ ಹೇಳಿಲ್ಲ.

ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದೀಯಾ? ನಿನ್ನ ತಂಗಿ ಇರೀದೆ ಅಡುಗೆಗೆ ಉಪ್ಪು ಸುರಿಯುವುದನ್ನು ನಾನು ನೋಡಿದ್ದೇನೆ. ನಮ್ಮ ಮನೆಯ ಗ್ಯಾಸ್ ಮುಚ್ಚಿದೆನೋ ಇಲ್ಲವೋ ಎಂಬುದು ಹೊರಟ ದಿನದಿಂದ ತಲೆ ಕೊರೆಯುತ್ತಿದೆ, ಹೋಗಿ ನೋಡು. ಮುಚ್ಚಿದ್ದರೂ ಇನ್ನೊಮ್ಮೆ ಮುಚ್ಚು. ಟೊಮೆಟೊ ಗಿಡಗಳಿಗೆ ಸಂಜೆ ನೀರು ಹಾಕು.

ಈಗ ಆ ವಿಷಯ.

ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಹಬ್ಬದ ಉಡುಪಿನ ಸ್ಪರ್ಧೆಗೆ ನಮ್ಮ ಕೇರಿಯಿಂದ ಹಳೆಯ ಕಾಲದ ದೊರೆಸಾನಿಯಾಗಿ ನಿಲ್ಲುವ ಹುಡುಗಿಗೆ ಅಚ್ಚು ಕತ್ತರಿಸುತ್ತಿದ್ದೆ. ನೀನು ಕಾಫಿ ಹಿಡಿದು ಬಂದೆ. "ಇದೇನೇ ದೆರ್ನಾ, ಪಕ್ಕೆಗಳೇ ಇಲ್ವಲ್ಲ! ಬಟ್ಟೆ ಸಾಲ್ಲಿಲ್ವಾ?" ಎಂದು ನಕ್ಕೆ. ನಾನು ಮೂರ್ಖಿ, ಖುಷಿಯಲ್ಲಿ ಎಲ್ಲ ಹೇಳಿಬಿಟ್ಟೆ. ಆ ಕಾಲದ ಹೆಂಗಸರು ಒಳಗೆ ಬಿಗಿಯಾದ ಉದ್ದಂಗಿ ತೊಟ್ಟು, ಮೇಲೆ ತೋಳಿನಿಂದ ಸೊಂಟದ ಕೆಳಗಿನವರೆಗೆ ಎರಡೂ ಪಕ್ಕ ತೆರೆದ ನಿಲುವಂಗಿ ಹಾಕುತ್ತಿದ್ದರು, ಪಾದ್ರಿಗಳು ಆ ತೆರಪನ್ನು ನರಕದ ಕಿಟಕಿ ಎಂದು ಶಪಿಸುತ್ತಿದ್ದರು, ನಮ್ಮೂರಲ್ಲಿ ಇದುವರೆಗೆ ಯಾವ ಕೇರಿಗೂ ಅದನ್ನು ತೊಡಿಸುವ ಧೈರ್ಯ ಬಂದಿಲ್ಲ, ಈ ಸಲ ನಾವು ತೊಡಿಸುತ್ತೇವೆ ಎಂದೆ. ನೀನು ಬಾಯಿಗೆ ಬೆರಳಿಟ್ಟು, "ಸತ್ರೂ ಹೇಳಲ್ಲ" ಎಂದೆ.

ಸಾಯಲಿಲ್ಲ. ಹೇಳಿದೆ.

ಭಾನುವಾರ ಚರ್ಚಿನ ಬಾಗಿಲು ತೆರೆದಾಗ ಚೀಟಿಯಲ್ಲಿ ಮೊದಲು ಬಂದದ್ದು ನಿಮ್ಮ ಕೊಕ್ಕರೆಕೇರಿ. ನೀಲಿ ನಿಲುವಂಗಿ, ಎರಡೂ ಪಕ್ಕ ತೆರಪು, ಒಳಗೆ ಕೆನೆ ಬಣ್ಣದ ಉದ್ದಂಗಿ. ಜನ ಹೋ ಎಂದು ಕೂಗಿದರು. ಆಮೇಲೆ ನಮ್ಮ ದೊರೆಸಾನಿ, ಕಟುಕರ ಮನೆಯ ದಿಲೆತ್ತಾ, ನನ್ನ ಕೆಂಪು ಉಡುಪಿನಲ್ಲಿ ಹೊರಗೆ ಕಾಲಿಟ್ಟಳು. ನಿಮ್ಮ ಕೇರಿಯ ಬಾಲ್ಕನಿಯಿಂದ ಯಾರೋ ಕೂಗಿದ: "ಬಾವಿಯವ್ರೇ, ನಮ್ಮ ನೀಲೀನ ಬೀಟ್ರೂಟ್ ಜೊತೆ ಬೇಯಿಸಿದ್ರಾ?" ನಕಲು, ನಕಲು ಎಂದು ಮಕ್ಕಳೂ ಕುಣಿದವು. ದಿಲೆತ್ತಾ ಅಳುತ್ತಲೇ ಚೌಕ ದಾಟಿದಳು. ಕಳೆದ ಚಳಿಗಾಲದಿಂದ ನನ್ನ ಬೆರಳು ತೂತುಬಿದ್ದದ್ದು ಇದಕ್ಕೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ?

ಅಸ್ಸೂಂತಾ ಪಕ್ಕದಲ್ಲೇ ನಿಂತು, "ಗಂಡನ್ನ ಮನೇಲಿ ಇಟ್ಕೋ, ಮೇಜಿನ ಹತ್ರ ಬಿಟ್ಕೋಬೇಡ ಅಂತ ಹೇಳಿದ್ದೆ" ಎಂದಳು. ಅವಳು ಹಾಗೆ ಯಾವತ್ತೂ ಹೇಳಿರಲಿಲ್ಲ.

ನಿಮ್ಮ ದೊರೆಸಾನಿ ಯಾರೆಂದು ನಾನು ತಡವಾಗಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಉಡುಪು, ಆಮೇಲೆ ಮುಖ. ನಮ್ಮದೇ ಮಗಳು, ಲವೀನಿಯಾ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವಳು ಹುಟ್ಟಿದ್ದು ನಿಮ್ಮ ಕೇರಿಯಲ್ಲಿ, ದೀಕ್ಷಾಸ್ನಾನದ ದಿನ ಅವಳ ಕೊರಳಿಗೆ ನಿಮ್ಮ ಕೇರಿಯ ನೀಲಿ ವಸ್ತ್ರ ಕಟ್ಟಿದಾಗ ನಾನು ಸುಮ್ಮನಿದ್ದೆ. ದೊರೆಸಾನಿಯ ಹೆಸರು ಬಾಗಿಲು ತೆರೆಯುವವರೆಗೆ ಗುಟ್ಟಾಗಿರಬೇಕು, ಬೇರೆ ಕೇರಿಯ ತಾಯಿಗೂ ಹೇಳಬಾರದು, ಸರಿ. ಆದರೆ ಆ ಬಿಸಿಲಲ್ಲಿ ಉಣ್ಣೆ ಬಟ್ಟೆ ತೊಡಿಸಿ ನಿಲ್ಲಿಸಿದಿರಲ್ಲ, ನೀರು ಕುಡಿಸಿದಿರಾ? ಅವಳಿಗೆ ಚಿಕ್ಕಂದಿನಿಂದ ತಲೆ ಸುತ್ತು ಬರುತ್ತದೆ. ಅದಾದರೂ ನೆನಪಿತ್ತಾ?

ಕದ್ದವರಿಗೆ ಕದ್ದದ್ದು ದಕ್ಕಲಿಲ್ಲ, ನನ್ನ ಹೊಟ್ಟೆ ಅಷ್ಟು ತಣ್ಣಗಾಯಿತು. ಒಳಗಿನ ಉದ್ದಂಗಿಯನ್ನು ಪಕ್ಕೆಯಲ್ಲಿ ದಾರ ಪೋಣಿಸಿ ಬಿಗಿಯಬೇಕು. ಆ ಕಾಲದಲ್ಲಿ ಒಂದೇ ದಾರ, ಒಂದೇ ತುದಿ, ಗೋಪುರದ ಮೆಟ್ಟಿಲಿನಂತೆ ಸುತ್ತಿ ಸುತ್ತಿ ಮೇಲೇರಬೇಕು. ನಿಮ್ಮವರು ಬೂಟಿಗೆ ಕಟ್ಟುವಂತೆ ಎರಡು ತುದಿ ಹಿಡಿದು ಅಡ್ಡಡ್ಡ ಕಟ್ಟಿದ್ದರು. ಮೈಯೆಲ್ಲ ಮುಚ್ಚಿದ ಉಡುಪಾಗಿದ್ದರೆ ಕಾಣುತ್ತಿರಲಿಲ್ಲ. ಕದ್ದ ಕಿಟಕಿಯಿಂದಲೇ ಕಂಡಿತು! ತೀರ್ಪುಗಾರರಲ್ಲಿ ಆ ಕನ್ನಡಕದ ಮುದುಕ ಬಗ್ಗಿ ನೋಡಿ, "ದೊರೆಸಾನಿ ಬೆಟ್ಟ ಹತ್ತೋಕೆ ಹೊರಟಿದ್ದಾರಾ?" ಎಂದ. ನಿಮ್ಮದು ಹೋಯಿತು, ನಮ್ಮದು ನಕಲಾಯಿತು, ಬಾವುಟ ಗಾಣಕೇರಿಗೆ. ಎರಡು ಬೆಕ್ಕಿನ ಜಗಳದಲ್ಲಿ ಬೆಣ್ಣೆ ಕೋತಿಗೆ. ರಾತ್ರಿಯೆಲ್ಲ ಡೋಲು ಬಡಿದರು, ನಮ್ಮ ಕಿಟಕಿಯ ಕೆಳಗೇ.

ನೀನು ಯಾರಿಗೆ ಹೇಳಿದೆ, ಇರೀದೆಗಾ, ಸಾರಾಯಿ ಅಂಗಡಿಯಲ್ಲಾ, ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಸುಳ್ಳು ಹೇಳಬೇಕಾಗುತ್ತದೆ, ಆಮೇಲೆ ನಿನ್ನ ರಕ್ತದೊತ್ತಡ ಏರುತ್ತದೆ, ಆ ಚಿಂತೆಯೂ ನನಗೇ. ಮುಂದಿನ ಚಳಿಗಾಲದಲ್ಲಿ ನೀನು ಕಾಫಿಯನ್ನು ವರಾಂಡದಲ್ಲಿ ಕುಡಿ. ಹಿಮ ಬಿದ್ದರೂ.

ಪವಿತ್ರ ಮಾತೆ ನಿನ್ನನ್ನು ಕಾಯಲಿ. ನಿನಗೆ ಬುದ್ಧಿ ಕೊಡಲಿ. ಕೊಕ್ಕರೆಗಳಿಗೂ ಸ್ವಲ್ಪ ಕೊಡಲಿ, ಉಳಿದರೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ದೆರ್ನಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಕಲು ಎಂದದ್ದು ಒಂದು ವಾರದಲ್ಲಿ ಮರೆತುಹೋಗುತ್ತದೆ, ನಿನ್ನ ಬಾಯಿಬಡುಕತನ ನನಗೆ ಹಳೆಯದು. ಅದಲ್ಲ. ಆ ಉದ್ದಂಗಿಯನ್ನು ಯಾರೂ ಒಬ್ಬರೇ ತೊಡಲಾಗುವುದಿಲ್ಲ. ಕೈ ಮೇಲೆತ್ತಿ ನಿಲ್ಲಬೇಕು, ಇನ್ನೊಬ್ಬರು ಪಕ್ಕೆಯ ದಾರ ಎಳೆಯಬೇಕು. ನಾನು ಚರ್ಚಿನ ಬಲಗಡೆಯ ಕೋಣೆಯಲ್ಲಿ ದಿಲೆತ್ತಾಳ ದಾರ ಎಳೆಯುತ್ತಿದ್ದೆ. ಎಡಗಡೆಯ ಕೋಣೆ ನಿಮ್ಮದು. ನಡುವೆ ಒಂದು ಗೋಡೆ. ಕಟುಕರ ಹುಡುಗಿಗೆ "ಉಸಿರು ಬಿಡು ಮಗಳೇ, ಈಗ ಹಿಡಿ" ಎನ್ನುತ್ತಿದ್ದಾಗ ನನ್ನ ಮಗಳು ಆ ಕಡೆ ಕೈ ಎತ್ತಿ ನಿಂತಿದ್ದಳು. ನನ್ನ ಮುಂದೆಯೇ ಹಾದುಹೋದಳು, ದೊರೆಸಾನಿ ತಲೆ ತಿರುಗಿಸುವಂತಿಲ್ಲ, ತಿರುಗಿಸಲಿಲ್ಲ. ಪಕ್ಕೆಯ ಆ ಕಿಟಕಿಯಿಂದ ಕಂಡಿತು, ಮೇಲಿನ ತೂತುಗಳನ್ನು ಹಾಗೇ ಬಿಟ್ಟು ಯಾರೋ ಅವಸರದಲ್ಲಿ ಗಂಟು ಹಾಕಿದ್ದರು. ಯಾರು ಕಟ್ಟಿದರು ಅವಳಿಗೆ? ಬೇಡ, ಹೇಳಬೇಡ.

ಬರುವ ಭಾನುವಾರ ಬಾವುಟ ಹಿಂದಿರುಗಿಸುವ ಮೆರವಣಿಗೆಗೆ ಮತ್ತೆ ಅದೇ ಉಡುಪು ತೊಡುತ್ತಾಳಲ್ಲ. ನಾನು ನಿಮ್ಮ ಕೇರಿಗೆ ಕಾಲಿಡುವಂತಿಲ್ಲ, ಅವಳು ನಮ್ಮ ಕೇರಿಗೆ ಬರುವಂತಿಲ್ಲ. ಗಡಿಕಲ್ಲು ಎರಡರದ್ದೂ ಅಲ್ಲ. ಅವಳ ಪಕ್ಕೆ ಕಟ್ಟದೆ, ಮೇಲೊಂದು ಶಾಲು ಹೊದಿಸಿ ಅಲ್ಲಿಗೆ ಕಳಿಸು. ದಾರ ನಾನೇ ತರುತ್ತೇನೆ, ಹೆಣೆದು ಮುಗಿದಿದೆ. ನೀಲಿಯದೇ. ಮಾತಾಡುವುದಿಲ್ಲ, ಕಟ್ಟಿ ಹೊರಟುಹೋಗುತ್ತೇನೆ.